ನಟಿಸಿದ್ದೆಲ್ಲ ಸುಳ್ಳಲ್ಲ

ನಟನೆ ಬೆರೆತರೆ ಸಾಕ್ಷ್ಯಚಿತ್ರ ಕೆಟ್ಟಿತು ಎನ್ನುವವರು ಆ ಪ್ರಕಾರದ ಮೊದಲ ದೊಡ್ಡ ಚಿತ್ರವನ್ನೇ ಪಂಕ್ತಿಯಿಂದ ಎಬ್ಬಿಸಬೇಕಾಗುತ್ತದೆ. ರಾಬರ್ಟ್ ಫ್ಲಾಹರ್ಟಿಯ ‘ನಾನೂಕ್ ಆಫ್ ದ ನಾರ್ತ್’ (1922) ಚಿತ್ರದ ನಾಯಕನ ನಿಜವಾದ ಹೆಸರು ಅಲ್ಲಕರಿಯಲ್ಲಕ್. ತೆರೆಯ ಮೇಲೆ ಅವನ ಹೆಂಡತಿಯರಾಗಿ ಕಾಣಿಸಿಕೊಂಡವರು ಅವನ ಹೆಂಡತಿಯರಲ್ಲ. ಹಡ್ಸನ್ ಕೊಲ್ಲಿಯ ಇನುಯಿಟ್ ಜನರ ಕೈಗೆ ಅಷ್ಟರಲ್ಲಾಗಲೇ ಬಂದೂಕು ಬಂದಿತ್ತು. ಕ್ಯಾಮೆರಾದೆದುರು ಮಾತ್ರ ಈಟಿಯಿಂದಲೇ ವಾಲ್ರಸ್ ಬೇಟೆ ನಡೆಯಿತು. ಹಿಮದ ಮನೆಯೊಳಗೆ ಬೆಳಕು ಸಾಲದ್ದರಿಂದ, ಒಂದು ಪಕ್ಕ ತೆರೆದಿದ್ದ ದೊಡ್ಡ ಮನೆಯನ್ನು ಚಿತ್ರೀಕರಣಕ್ಕೆಂದೇ ಕಟ್ಟಲಾಯಿತು. ಫ್ಲಾಹರ್ಟಿಯದೇ ‘ಮ್ಯಾನ್ ಆಫ್ ಆರಾನ್’ (1934) ಇನ್ನೂ ಒಂದು ಹೆಜ್ಜೆ ಮುಂದೆ. ದಶಕಗಳ ಹಿಂದೆ ನಿಂತುಹೋಗಿದ್ದ ಶಾರ್ಕ್ ಬೇಟೆಯನ್ನು ಆ ಐರಿಷ್ ದ್ವೀಪದವರು ಸಿನಿಮಾಕ್ಕಾಗಿ ಹೊಸದಾಗಿ ಕಲಿಯಬೇಕಾಯಿತು.

ಇದಕ್ಕೆಲ್ಲ ಪ್ರಾಯಶ್ಚಿತ್ತವೆಂಬಂತೆ ಬಂದದ್ದು ಅಮೆರಿಕದ ಡೈರೆಕ್ಟ್ ಸಿನಿಮಾ. ಹೆಗಲ ಮೇಲೆ ಹೊರಬಹುದಾದ ಕ್ಯಾಮೆರಾ ಸಿಕ್ಕಿತು, ಜೊತೆಯಲ್ಲೇ ಶಬ್ದ ಹಿಡಿಯುವ ಯಂತ್ರವೂ ಸಿಕ್ಕಿತು. ರಾಬರ್ಟ್ ಡ್ರೂ ತಂಡ ‘ಪ್ರೈಮರಿ’ (1960) ಚಿತ್ರದಲ್ಲಿ ಚುನಾವಣಾ ಪ್ರಚಾರದಲ್ಲಿದ್ದ ಕೆನಡಿ ಮತ್ತು ಹಂಫ್ರಿಯ ಬೆನ್ನುಹತ್ತಿ ವಿಸ್ಕಾನ್ಸಿನ್ ಸುತ್ತಿತು. ಪ್ರಶ್ನೆ ಕೇಳಬಾರದು, ಇನ್ನೊಮ್ಮೆ ಮಾಡಿ ಎನ್ನಬಾರದು, ಇದ್ದೂ ಇಲ್ಲದಂತಿರಬೇಕು ಎಂಬುದು ಈ ಪಂಥದ ಮಡಿ. ಒಳ್ಳೆಯ ಚಿತ್ರಗಳು ಬಂದದ್ದು ನಿಜ. ಸಹಿಸಲಾಗದ್ದು ಅವುಗಳ ಸುತ್ತ ಎದ್ದ ಸತ್ಯದ ಬಡಿವಾರ. ಈ ಪಂಥದ ಹಿರಿಯ ರಿಚರ್ಡ್ ಲೀಕಾಕ್ ಪಳಗಿದ್ದಾದರೂ ಎಲ್ಲಿ? ‘ಲೂಸಿಯಾನ ಸ್ಟೋರಿ’ಯಲ್ಲಿ (1948), ಅದೇ ಫ್ಲಾಹರ್ಟಿಯ ಛಾಯಾಗ್ರಾಹಕನಾಗಿ. ಹತ್ತಾರು ಗಂಟೆ ಚಿತ್ರಿಸಿ ಒಂದೆರಡು ಗಂಟೆ ಉಳಿಸಿಕೊಳ್ಳುವ ಸಂಕಲನದ ಮೇಜಿನ ಮುಂದೆ ಯಾವ ಮಡಿಯೂ ನಿಲ್ಲುವುದಿಲ್ಲ. ಪ್ಯಾರಿಸ್ಸಿನಲ್ಲಿ ಜ್ಯಾನ್ ರೂಶ್ ಮತ್ತು ಎಡ್ಗರ್ ಮೊರಾನ್ ಹೆಚ್ಚು ನೇರವಾಗಿ ನಡೆದುಕೊಂಡರು. ‘ಕ್ರಾನಿಕಲ್ ಆಫ್ ಎ ಸಮ್ಮರ್’ (1961) ಚಿತ್ರವನ್ನು ಅದರಲ್ಲಿದ್ದವರಿಗೇ ತೋರಿಸಿ, ಅವರ ತಕರಾರನ್ನೂ ಚಿತ್ರದೊಳಕ್ಕೇ ಸೇರಿಸಿದರು.

ಈ ಜಗಳವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಚಿತ್ರ ಬಂದದ್ದು ಇರಾನಿನಿಂದ: ಅಬ್ಬಾಸ್ ಕಿಯಾರೊಸ್ತಮಿಯ ‘ಕ್ಲೋಸ್-ಅಪ್’ (1990). ಹುಸೇನ್ ಸಬ್ಜಿಯಾನ್ ಎಂಬ ಬಡವ ಟೆಹರಾನಿನ ಬಸ್ಸಿನಲ್ಲಿ ತಾನೇ ನಿರ್ದೇಶಕ ಮೊಹ್ಸೆನ್ ಮಖ್ಮಲ್ಬಾಫ್ ಎಂದು ಹೇಳಿಕೊಂಡ. ಮುಂದಿನ ಚಿತ್ರದಲ್ಲಿ ನಿಮಗೂ ಪಾತ್ರವಿದೆ ಎಂದು ಒಂದು ಕುಟುಂಬವನ್ನು ನಂಬಿಸಿ, ಕೊನೆಗೆ ಸಿಕ್ಕಿಬಿದ್ದ. ಪತ್ರಿಕಾ ವರದಿ ಓದಿದ ಕಿಯಾರೊಸ್ತಮಿ ನ್ಯಾಯಾಧೀಶರ ಅನುಮತಿ ಪಡೆದು ವಿಚಾರಣೆಯನ್ನು ಚಿತ್ರಿಸಿದ. ಒಂದು ಕ್ಯಾಮೆರಾ ನ್ಯಾಯಾಲಯಕ್ಕೆ, ಇನ್ನೊಂದು ಆರೋಪಿಯ ಮುಖಕ್ಕೆಂದೇ ಮೀಸಲು. ಕ್ಯಾಮೆರಾದ ಹಿಂದಿನಿಂದ ನಿರ್ದೇಶಕನೇ ಪ್ರಶ್ನೆಗಳನ್ನೂ ಕೇಳುತ್ತಾನೆ. ಬಸ್ಸಿನ ಭೇಟಿ, ಮನೆಯಲ್ಲಿನ ಬಂಧನಗಳನ್ನು ವಂಚಿಸಿದವನೂ ವಂಚನೆಗೊಳಗಾದವರೂ ತಮ್ಮ ತಮ್ಮ ಪಾತ್ರದಲ್ಲೇ ಮತ್ತೆ ಅಭಿನಯಿಸಿದರು. ಮೋಸ ಹೋದ ಮನೆಯವರಿಗೆ ತಾವು ಪೆದ್ದರಲ್ಲವೆಂದು ತೋರಿಸಬೇಕಿತ್ತು, ಸಬ್ಜಿಯಾನ್‌ಗೆ ತನ್ನ ಸಿನಿಮಾ ಹುಚ್ಚನ್ನು ಯಾರಾದರೂ ಅರ್ಥಮಾಡಿಕೊಳ್ಳಬೇಕಿತ್ತು. ಇಬ್ಬರ ಆಸೆಯೂ ನಟನೆಯಲ್ಲೇ ಬಯಲಾಗುತ್ತದೆ. ಸಿನಿಮಾ ಮಾಡುತ್ತೇನೆಂದು ಸುಳ್ಳು ಹೇಳಿದ್ದಕ್ಕಾಗಿ ವಿಚಾರಣೆ ನಡೆದಿತ್ತು. ಅದರಿಂದ ಸಿನಿಮಾ ಆಗಿಯೇ ಹೋಯಿತು.

ಅಸಲಿ ಮಖ್ಮಲ್ಬಾಫ್ ಎದುರಿಗೆ ಬಂದು ನಿಂತಾಗ, ಬಿಡುಗಡೆಯಾದ ಸಬ್ಜಿಯಾನ್ ಅಳುತ್ತಾನೆ. ಇದನ್ನು ದೂರದ ವಾಹನದೊಳಗಿಂದ ಗಾಜಿನ ಮೂಲಕ ಚಿತ್ರಿಸಲಾಗಿದೆ. ಮೈಕ್ ಕೈಕೊಡುತ್ತದೆ, ಮಾತು ತುಂಡುತುಂಡಾಗಿ ಕೇಳುತ್ತದೆ, ತಂಡದವರು ಪೇಚಾಡುತ್ತಾರೆ. ಆದರೆ ಮೈಕ್ ಕೆಟ್ಟಿರಲಿಲ್ಲ. ಶಬ್ದವನ್ನು ಆಮೇಲೆ ಬೇಕೆಂದೇ ಕತ್ತರಿಸಿದ್ದಾಗಿ ಕಿಯಾರೊಸ್ತಮಿ ಹೇಳಿಕೊಂಡಿದ್ದಾನೆ. ಮೈಕ್ ಇರುವುದು ಮಖ್ಮಲ್ಬಾಫ್‌ಗೆ ಗೊತ್ತಿತ್ತು, ಸಬ್ಜಿಯಾನ್‌ಗೆ ಗೊತ್ತಿರಲಿಲ್ಲ. ಒಬ್ಬ ಚಿತ್ರಕ್ಕಾಗಿ ಮಾತಾಡುತ್ತಿದ್ದ, ಇನ್ನೊಬ್ಬ ತನ್ನ ಪಾಡಿಗೆ. ಡೈರೆಕ್ಟ್ ಸಿನಿಮಾದವರು ಪ್ರಾಮಾಣಿಕತೆಯ ಮುದ್ರೆಯಾಗಿಸಿದ್ದ ಕೆಟ್ಟ ಶಬ್ದವನ್ನು ಇಲ್ಲಿ ಕೈಯಾರೆ ತಯಾರಿಸಲಾಗಿದೆ, ಅದೂ ಆ ಬಡಪಾಯಿಯ ಮಾತನ್ನು ಒಂದಿಷ್ಟಾದರೂ ಕಾಪಾಡುವುದಕ್ಕೆ.

ಆ ಮುದ್ರೆಯನ್ನು ಯಾರು ಬೇಕಾದರೂ ಒತ್ತಬಹುದೆಂಬುದು 1960ರ ದಶಕದಲ್ಲೇ ಸಾಬೀತಾಗಿತ್ತು. ಪೀಟರ್ ವಾಟ್ಕಿನ್ಸ್ ‘ದ ವಾರ್ ಗೇಮ್’ನಲ್ಲಿ (1965), ಬ್ರಿಟನ್ನಿನ ಮೇಲೆ ಎಂದೂ ನಡೆಯದ ಅಣುಬಾಂಬ್ ದಾಳಿಯನ್ನು ಅಲುಗುವ ಕ್ಯಾಮೆರಾದಲ್ಲಿ ಸುದ್ದಿಚಿತ್ರದಂತೆ ಕಟ್ಟಿದ. ಮಾಡಿಸಿದ ಬಿಬಿಸಿಯೇ ಹೆದರಿ 1985ರವರೆಗೆ ಅದನ್ನು ಪ್ರಸಾರ ಮಾಡಲಿಲ್ಲ. ಆಸ್ಕರ್‌ನವರು ಮಾತ್ರ ಅದಕ್ಕೆ ಅತ್ಯುತ್ತಮ ಸಾಕ್ಷ್ಯಚಿತ್ರದ ಪ್ರಶಸ್ತಿ ಕೊಟ್ಟರು.