ಜೆಮ್ ಸರಳವಾಗಿದ್ದುದೇಕೆ?

ಗಣಕದ ಪರದೆಯ ಮೇಲೆ ಚಿತ್ರವೊಂದು ಮೂಡಬೇಕಾದರೆ ಅದರ ದತ್ತಾಂಶವನ್ನು ಪ್ರೊಸೆಸರ್ ಬರೆಯುತ್ತದೆ, ಗ್ರಾಫಿಕ್ಸ್ ಚಿಪ್ ಓದುತ್ತದೆ. ಎರಡಕ್ಕೂ ಬೇಕಾದ ಈ ಮೆಮೊರಿಯ ಯಜಮಾನಿಕೆ ಯಾರದು? ಲಿನಕ್ಸ್ ಕರ್ನೆಲ್‌ನಲ್ಲಿ ಈ ಪ್ರಶ್ನೆಗೆ ಎರಡು ಉತ್ತರಗಳು ಬಂದವು. ಟಂಗ್‌ಸ್ಟನ್ ಗ್ರಾಫಿಕ್ಸ್ ಸಂಸ್ಥೆಯ ಥಾಮಸ್ ಹೆಲ್‌ಸ್ಟ್ರಾಮ್ ಮತ್ತಿತರರು ರೂಪಿಸಿದ ಟ್ರಾನ್ಸ್‌ಲೇಷನ್ ಟೇಬಲ್ ಮ್ಯಾನೇಜರ್, ಚುಟುಕಾಗಿ ಟಿಟಿಎಂ, ಒಂದು. ಇಂಟೆಲ್‌ನ ಕೀತ್ ಪ್ಯಾಕರ್ಡ್ ಮತ್ತು ಎರಿಕ್ ಆನ್‌ಹೋಲ್ಟ್ 2008ರಲ್ಲಿ ಮುಂದಿಟ್ಟ ಜೆಮ್ ಇನ್ನೊಂದು. ಟಿಟಿಎಂ ಮೊದಲೇ ಹುಟ್ಟಿದ್ದರೂ ಕರ್ನೆಲ್‌ನೊಳಗೆ ಮುಂಚೆ ಸೇರಿದ್ದು ಜೆಮ್: 2008ರ ಡಿಸೆಂಬರಿನ 2.6.28 ಆವೃತ್ತಿಯಲ್ಲಿ. ಟಿಟಿಎಂ 2009ರ 2.6.31ರವರೆಗೆ ಕಾಯಬೇಕಾಯಿತು.

ಟಿಟಿಎಂ ಜಟಿಲ, ಜೆಮ್ ಸರಳ, ಹಾಗಾಗಿ ಜೆಮ್ ಉತ್ತಮ ವಿನ್ಯಾಸ ಎಂಬ ಮಾತನ್ನು ನೀವು ಕೇಳಿರಬಹುದು. ಅದನ್ನು ಒಪ್ಪುವ ಮುನ್ನ ಆ ಸರಳತೆ ಎಲ್ಲಿಂದ ಬಂತೆಂದು ನೋಡೋಣ.

ಅಂದು ಇಂಟೆಲ್ ತನ್ನ ಚಿಪ್‌ಸೆಟ್‌ನೊಳಗೆ ಕೊಡುತ್ತಿದ್ದ ಗ್ರಾಫಿಕ್ಸ್, ಗಣಕದ ಮುಖ್ಯ ಮೆಮೊರಿಯನ್ನೇ ಬಳಸುತ್ತಿತ್ತು. ಎರಡು ಅಡುಗೆಮನೆಗಳಿಗೆ ಒಂದೇ ಉಗ್ರಾಣ! ಆದ್ದರಿಂದ ಜೆಮ್ ಬಫರ್‌ಗಳನ್ನು ಕರ್ನೆಲ್‌ನ ಸಾಮಾನ್ಯ ಪುಟಗಳಲ್ಲೇ ಇರಿಸಿತು. ಗ್ರಾಫಿಕ್ಸ್ ಚಿಪ್‌ನ ಪುಟಕೋಷ್ಟಕದಲ್ಲಿ ಆ ಪುಟಗಳ ವಿಳಾಸ ನಮೂದಿಸಿದರೆ ಸಾಕು, ದತ್ತಾಂಶ ಕದಲಬೇಕಿಲ್ಲ. ಉಳಿದದ್ದು ಕ್ಯಾಶ್‌ನ ತೊಡಕು. ಪ್ರೊಸೆಸರ್ ಬರೆದದ್ದು ಅದರ ಕ್ಯಾಶ್‌ನಲ್ಲೇ ನಿಂತು, ಗ್ರಾಫಿಕ್ಸ್ ಚಿಪ್ ಮೆಮೊರಿಯಲ್ಲಿರುವ ಹಳೆಯದನ್ನು ಓದಿಬಿಡಬಹುದು. ಬಫರ್ ಸದ್ಯ ಯಾರ ವಶದಲ್ಲಿದೆ ಎಂದು ಗುರುತಿಟ್ಟುಕೊಂಡು, ಕೈ ಬದಲಾದಾಗ ಮಾತ್ರ ಕ್ಯಾಶ್ ತೆರವು ಮಾಡುವ ಜೆಮ್‌ನ ಏರ್ಪಾಡು ನಿಜಕ್ಕೂ ಚೊಕ್ಕದ್ದು.

ಈಗ ಸ್ವಂತ ಮೆಮೊರಿಯುಳ್ಳ ಕಾರ್ಡನ್ನು ತೆಗೆದುಕೊಳ್ಳಿ. 2022ರಲ್ಲಿ ಬಂದ ಇಂಟೆಲ್‌ನದೇ ಆರ್ಕ್ ಎ770 ತನ್ನ 16 ಗಿಗಾಬೈಟ್ ಮೆಮೊರಿಯೊಡನೆ ಸೆಕೆಂಡಿಗೆ 560 ಗಿಗಾಬೈಟ್ ವೇಗದಲ್ಲಿ ವ್ಯವಹರಿಸಬಲ್ಲದು. ಮುಖ್ಯ ಮೆಮೊರಿಗೆ ಹೋಗುವ ದಾರಿಯಲ್ಲಾದರೋ ಒಂದು ದಿಕ್ಕಿಗೆ ಸುಮಾರು 32 ಗಿಗಾಬೈಟ್ ಅಷ್ಟೆ. ಬಫರ್ ಎಲ್ಲಿದೆ ಎಂಬುದೇ ಇಲ್ಲಿ ವೇಗವನ್ನು ನಿರ್ಧರಿಸುತ್ತದೆ. ಕಾರ್ಡಿನಲ್ಲಿ ಜಾಗ ಸಾಲದಾದಾಗ ಬಹುಕಾಲ ಬಳಸದ ಬಫರನ್ನು ಹೊರಹಾಕಬೇಕು. ಅದಕ್ಕೆ ಮೊದಲು ಚಿಪ್ ಅದರ ಕೆಲಸ ಮುಗಿಸುವವರೆಗೆ ಕಾಯಬೇಕು. ಪ್ರೊಸೆಸರ್ ಕಡೆಯ ವಿಳಾಸ ಸಂಬಂಧವನ್ನು ಕಡಿಯಬೇಕು. ಮುಂದೆ ಪ್ರೋಗ್ರಾಂ ಅದೇ ವಿಳಾಸವನ್ನು ಮುಟ್ಟಿದಾಗ ಪುಟದೋಷ ಉಂಟಾಗಿ, ಹೊಸ ತಾಣಕ್ಕೆ ಸಂಬಂಧ ಕೂಡಬೇಕು. ಟಿಟಿಎಂ ಮಾಡುವುದು ಇದನ್ನೇ. ಇಲ್ಲಿನ ಜಟಿಲತೆ ಯಂತ್ರಾಂಶದ್ದು. ಜೆಮ್‌ಗೆ ಅದು ಎದುರಾಗಿರಲಿಲ್ಲ, ಅಷ್ಟೆ. ಸ್ವಂತ ಮೆಮೊರಿಯಿಲ್ಲದ ಚಿಪ್‌ಗೆ ಟಿಟಿಎಂ ಮೇಕೆಯ ಮೇಲಿನ ಅಂಬಾರಿ ಎಂಬ ದೂರೂ ಸುಳ್ಳಲ್ಲ. ರಾಸ್ಪ್‌ಬೆರಿ ಪೈ 4ರ ಡ್ರೈವರ್ ಜೆಮ್ ಒಂದರಿಂದಲೇ ನೆಮ್ಮದಿಯಾಗಿದೆ.

ಜೆಮ್‌ನ ನಿಜವಾದ ದೋಷ ಬೇರೆ ಕಡೆ ಇತ್ತು, ಅದರ ಬಗ್ಗೆ ಮಾತು ಕಡಿಮೆ. ಎರಡು ಪ್ರೋಗ್ರಾಂಗಳು ಬಫರ್ ಹಂಚಿಕೊಳ್ಳಲು ಅದಕ್ಕೊಂದು ಸಾರ್ವತ್ರಿಕ ಸಂಖ್ಯೆ ಕೊಡುತ್ತಿದ್ದರು. ಸಾಧನವನ್ನು ಬಳಸಲು ಅನುಮತಿಯಿದ್ದ ಯಾವ ಪ್ರೋಗ್ರಾಂ ಬೇಕಾದರೂ ಆ ಸಂಖ್ಯೆಯನ್ನು ಊಹಿಸಿ ಇನ್ನೊಂದರ ಕಿಟಕಿಯಲ್ಲಿ ಏನಿದೆಯೆಂದು ಇಣುಕಬಹುದಿತ್ತು. 2012ರ 3.3 ಆವೃತ್ತಿಯೊಡನೆ ಬಂದ ಡಿಎಂಎ-ಬಫ್, ಸಂಖ್ಯೆಯ ಬದಲು ಕೈಗೆ ಕೊಟ್ಟವರಿಗೆ ಮಾತ್ರ ದಕ್ಕುವ ಕಡತ ಸೂಚಕವನ್ನು ತಂದಿತು. ಬಳಕೆದಾರ ತಂತ್ರಾಂಶಕ್ಕೆ ಕೊಟ್ಟ ಮಾತಿಗೆ ಕರ್ನೆಲ್ ತಪ್ಪುವಂತಿಲ್ಲವಾದ್ದರಿಂದ ಹಳೆಯ ಬಾಗಿಲನ್ನು ಕಿತ್ತುಹಾಕಿಲ್ಲ.

ರೇಡಿಯಾನ್ ಮತ್ತು ನೂವೋ ಡ್ರೈವರ್‌ಗಳು ಬಹಳ ಹಿಂದೆಯೇ ರಾಜಿ ಮಾಡಿಕೊಂಡವು: ಪ್ರೋಗ್ರಾಂಗಳಿಗೆ ಕಾಣುವುದು ಜೆಮ್, ಒಳಗೆ ದುಡಿಯುವುದು ಟಿಟಿಎಂ. 2021ರಲ್ಲಿ ಇಂಟೆಲ್ ಕೂಡ ಸ್ವಂತ ಮೆಮೊರಿಯ ಕಾರ್ಡುಗಳಿಗಾಗಿ ತನ್ನ ಡ್ರೈವರ್‌ಗೆ ಟಿಟಿಎಂ ಅಳವಡಿಸಿತು. 2024ರ 6.8 ಆವೃತ್ತಿಯಲ್ಲಿ ಸೇರಿದ ಅದರ ಹೊಸ ಎಕ್ಸ್‌ಇ ಡ್ರೈವರ್ ಸಂಪೂರ್ಣವಾಗಿ ಟಿಟಿಎಂ ಮೇಲೆ ನಿಂತಿದೆ, ಸ್ವಂತ ಮೆಮೊರಿಯಿಲ್ಲದ ಚಿಪ್‌ಗಳಿಗೂ. ಬಫರ್ ಬೇಕೆಂದು ಕೇಳುವ ಪ್ರೋಗ್ರಾಂಗೆ ಆ ಡ್ರೈವರ್ ಹಿಂದಿರುಗಿಸುವುದು ಮಾತ್ರ ಇಂದಿಗೂ ಜೆಮ್‌ನ ಹಿಡಿಕೆಯನ್ನೇ.