ಎಂಬತ್ತೇಳು ಕೋಟಿಯ ನಿರಾಶೆ

ಹಾಲಿವುಡ್ಡಿನ ವಾರ್ನರ್ ಬ್ರದರ್ಸ್ ಸಂಸ್ಥೆ 2016ರ ಮಾರ್ಚ್ 25ರಂದು ‘ಬ್ಯಾಟ್‌ಮನ್ ವರ್ಸಸ್ ಸೂಪರ್‌ಮನ್’ ಎಂಬ ಚಿತ್ರವನ್ನು ತೆರೆಗೆ ತಂದಿತು. ತಯಾರಿಕೆಗೆ ತಗುಲಿದ ವೆಚ್ಚ ಸುಮಾರು 25 ಕೋಟಿ ಡಾಲರು. ಜಗತ್ತಿನಾದ್ಯಂತ ಟಿಕೆಟ್ ಮಾರಾಟದಿಂದ ಕೂಡಿದ್ದು ಸುಮಾರು 87 ಕೋಟಿ. ಹಾಕಿದ ದುಡ್ಡಿಗೆ ಮೂರೂವರೆಯಷ್ಟು ತಿರುಗಿ ಬಂದರೆ ನಮ್ಮ ಚಿಕ್ಕಪೇಟೆಯ ವರ್ತಕರು ಲಕ್ಷ್ಮೀಪೂಜೆ ಮಾಡಿಸಿ ಬೀದಿಗೆಲ್ಲ ಸಿಹಿ ಹಂಚಿಯಾರು. ಆದರೆ ಈ ಚಿತ್ರದ ಹೆಸರಿಗೆ ಅಂದಿನಿಂದ ಅಂಟಿಕೊಂಡು ಬಂದಿರುವ ವಿಶೇಷಣವೆಂದರೆ ‘ನಿರಾಶಾದಾಯಕ’ ಎಂಬುದು. ಅಭಿಮಾನಿಗಳು ಇದನ್ನು ಕೇಳಿ ಕೆರಳುತ್ತಾರೆ. 87 ಕೋಟಿ ಯಾವ ಲೆಕ್ಕದಲ್ಲಿ ನಿರಾಶೆ ಎಂಬ ಅವರ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಮೊದಲು ಲೆಕ್ಕವನ್ನೇ ನೋಡೋಣ. ಟಿಕೆಟ್ ಮಾರಿ ಬಂದ ಹಣದಲ್ಲಿ ಹೆಚ್ಚುಕಡಿಮೆ ಅರ್ಧಭಾಗ ಚಿತ್ರಮಂದಿರದವರ ಪಾಲು. ಚೀನಾದಲ್ಲಿ ಹೊರದೇಶದ ನಿರ್ಮಾಪಕನಿಗೆ ಸಿಗುವುದು ಶೇಕಡಾ 25ರಷ್ಟು ಮಾತ್ರ. ಪ್ರಚಾರದ ಖರ್ಚು ಬೇರೆ. ಅದನ್ನು ಸಂಸ್ಥೆಗಳು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ಹೀಗೆ 87 ಕೋಟಿ ಎಂಬುದು ಹತ್ತಿರ ಹೋದಂತೆ ಕರಗುವ ಮೊತ್ತ. ಆದರೂ ಅದನ್ನು ನಷ್ಟದ ಬಾಬ್ತಿಗೆ ಸೇರಿಸಲಾಗದು.

ಹಾಗಾದರೆ ನಿರಾಶೆ ಎಲ್ಲಿಯದು? ಆಸೆಯಿದ್ದಲ್ಲಿಯದು. ಸೂಪರ್‌ಮನ್ ಹುಟ್ಟಿದ್ದು 1938ರಲ್ಲಿ, ಬ್ಯಾಟ್‌ಮನ್ 1939ರಲ್ಲಿ. ಕಾಗದದ ಮೇಲೆ ಮುಕ್ಕಾಲು ಶತಮಾನ ಬಾಳಿದ ಈ ಇಬ್ಬರು ಬೆಳ್ಳಿತೆರೆಯ ಮೇಲೆ ಎದುರುಬದುರಾದರೆ ನೂರು ಕೋಟಿ ಡಾಲರು ಕಟ್ಟಿಟ್ಟ ಬುತ್ತಿ ಎಂದು ಎಲ್ಲರೂ ಭಾವಿಸಿದ್ದರು. ಸಂಸ್ಥೆಯಂತೂ 2014ರ ಅಕ್ಟೋಬರಿನಲ್ಲೇ 2020ರವರೆಗಿನ ಹತ್ತು ಚಿತ್ರಗಳ ಪಟ್ಟಿಯನ್ನು ಸಾರಿಬಿಟ್ಟಿತ್ತು. ತಳಪಾಯದ ಕಲ್ಲು ಇಡುವ ಮೊದಲೇ ಮೇಲುಪ್ಪರಿಗೆಯ ಕೋಣೆಗಳನ್ನು ಬಾಡಿಗೆಗೆ ಗೊತ್ತುಮಾಡಿದಂತೆ! (ಸೂಪರ್‌ಮನ್ನನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ತರುಣರು 1938ರಲ್ಲಿ ಅವನ ಹಕ್ಕನ್ನು ಮಾರಿದ್ದು 130 ಡಾಲರಿಗೆ. ನಿರಾಶೆಯ ಮಾತು ಬಂದಾಗ ಈ ಸಂಖ್ಯೆಯನ್ನೂ ನೆನೆಯುವುದು ಒಳ್ಳೆಯದು.)

ಅದೇ ವರ್ಷದ ಫೆಬ್ರವರಿಯಲ್ಲಿ ಬಂದ ‘ಡೆಡ್‌ಪೂಲ್’ 5.8 ಕೋಟಿ ಡಾಲರಿನಲ್ಲಿ ತಯಾರಾಗಿ ಸುಮಾರು 78 ಕೋಟಿ ಗಳಿಸಿತು, ಅದು ಪವಾಡವೆನಿಸಿತು. ಅದಕ್ಕಿಂತ ಒಂಬತ್ತು ಕೋಟಿ ಹೆಚ್ಚು ತಂದದ್ದು ನಿರಾಶೆಯೆನಿಸಿತು. ಇಷ್ಟಕ್ಕೇ ನಿಲ್ಲಿಸಿದರೆ, ಅಭಿಮಾನಿಗಳ ಸಿಟ್ಟು ಸರಿಯೆಂದೇ ಹೇಳಬೇಕಾಗುತ್ತದೆ. ನಿರ್ಮಾಪಕನ ಆಸೆಯ ಗಾತ್ರಕ್ಕೆ ಚಿತ್ರವೇಕೆ ಹೊಣೆ? ವ್ಯಾಪಾರಿಯ ಮನೋರಾಜ್ಯವನ್ನು ವಿಮರ್ಶೆಯ ಅಳತೆಗೋಲು ಮಾಡಿಕೊಳ್ಳುವುದು ನಮಗೆ ತಕ್ಕದ್ದಲ್ಲ.

ಆದರೆ ಗಲ್ಲಾಪೆಟ್ಟಿಗೆಯೊಳಗೆ ಇನ್ನೊಂದು ಅಂಕಿಯಿದೆ. ಅದು ನಿರ್ಮಾಪಕನ ಆಸೆಯನ್ನಲ್ಲ, ನೋಡಿದವನ ಮನಸ್ಸನ್ನು ಹೇಳುತ್ತದೆ.

ಅಮೆರಿಕದಲ್ಲಿ ಈ ಚಿತ್ರ ಮೊದಲ ಶುಕ್ರವಾರದಿಂದ ಭಾನುವಾರದವರೆಗೆ 16.6 ಕೋಟಿ ಡಾಲರು ಗಳಿಸಿತು. ಮರುವಾರದ ಅದೇ ಮೂರು ದಿನಗಳಲ್ಲಿ ಬಂದದ್ದು 5.1 ಕೋಟಿ. ಶೇಕಡಾ 69ರಷ್ಟು ಕುಸಿತ. ಕೊನೆಗೆ ಆ ದೇಶದ ಒಟ್ಟು ಗಳಿಕೆ 33 ಕೋಟಿಗೆ ನಿಂತಿತು. ಎಂದರೆ, ಮೊದಲ ಮೂರು ದಿನಗಳಲ್ಲಿ ಬಂದಷ್ಟೇ ಹಣ ಉಳಿದ ಎಲ್ಲ ವಾರಗಳಲ್ಲಿ ಸೇರಿ ಬಂತು.

ಮೊದಲ ಮೂರು ದಿನ ಜನರನ್ನು ಕರೆತರುವುದು ಜಾಹೀರಾತು ಮತ್ತು ಹಳೆಯ ಹೆಸರು. ಚಿತ್ರವನ್ನು ಅವರು ಇನ್ನೂ ನೋಡಿಲ್ಲ, ನೋಡದೆ ಬಂದವರು. ಎರಡನೆಯ ವಾರದವನು ಹಾಗಲ್ಲ. ಅವನು ಪಕ್ಕದ ಮನೆಯವನನ್ನೋ ಕಛೇರಿಯ ಗೆಳೆಯನನ್ನೋ ‘ಹೇಗಿದೆ?’ ಎಂದು ಕೇಳಿ ಬರುತ್ತಾನೆ, ಇಲ್ಲವೆ ಕೇಳಿದ ಮೇಲೆ ಮನೆಯಲ್ಲೇ ಉಳಿಯುತ್ತಾನೆ. ನಮ್ಮಲ್ಲಿ ಚಿತ್ರದ ಗೆಲವನ್ನು ದಿನಗಳಿಂದ ಎಣಿಸುತ್ತಿದ್ದ ಕಾಲದಲ್ಲಿ ಈ ವಿವೇಕ ತಾನಾಗಿಯೇ ಅಡಗಿತ್ತು. ‘ಬಂಗಾರದ ಮನುಷ್ಯ’ 1972ರಲ್ಲಿ ತೆರೆಕಂಡು ಬೆಂಗಳೂರಿನಲ್ಲಿ ವರ್ಷ ದಾಟಿ ನಡೆದದ್ದು ಮೊದಲ ದಿನದ ನೂಕುನುಗ್ಗಲಿನಿಂದಲ್ಲ. ಸಾವಿರಾರು ತೆರೆಗಳ ಮೇಲೆ ಒಂದೇ ದಿನ ಚಿತ್ರವನ್ನು ಹರಡಿ, ಬಾಯಿಮಾತು ಹಬ್ಬುವುದರೊಳಗೆ ಬಾಚಿಕೊಳ್ಳುವ ಈಗಿನ ಏರ್ಪಾಡಿನಲ್ಲಿ ಆ ವಿವೇಕವನ್ನು ನಾವು ಹುಡುಕಿ ತೆಗೆಯಬೇಕಾಗಿದೆ.

ಈಸ್ಟರ್ ರಜೆಯಿಂದಾಗಿ ಮೊದಲ ಗಳಿಕೆ ಉಬ್ಬಿತ್ತು, ಆದ್ದರಿಂದ ಕುಸಿತ ದೊಡ್ಡದಾಗಿ ಕಂಡಿತು ಎಂದು ವಾದಿಸುವವರಿದ್ದಾರೆ. ತಕ್ಕಮಟ್ಟಿಗೆ ನಿಜ. ಆದರೆ ಹಿಂದಿನ ವರ್ಷ ಅದೇ ರಜೆಯಲ್ಲಿ ಬಂದ ‘ಫ್ಯೂರಿಯಸ್ 7’ ಎರಡನೆಯ ವಾರ ಶೇಕಡಾ 60ರಷ್ಟು ಇಳಿದಿತ್ತು. ಮೇಲಿನ ಒಂಬತ್ತು ರಜೆಯ ತಲೆಗೆ ಕಟ್ಟುವಂಥದ್ದಲ್ಲ. ಚಿತ್ರವನ್ನು ಕೊಂದವರು ವಿಮರ್ಶಕರು ಎಂಬ ಇನ್ನೊಂದು ದೂರು ಇನ್ನೂ ದುರ್ಬಲ. ವಿಮರ್ಶೆಗಳು ಬಿಡುಗಡೆಗೆ ಮುಂಚೆಯೇ ಪ್ರಕಟವಾಗಿದ್ದುವು, ಬಹುಪಾಲು ಕಟುವಾಗಿಯೇ ಇದ್ದುವು. ಹಾಗಿದ್ದೂ ಜನ 16.6 ಕೋಟಿಯಷ್ಟು ನುಗ್ಗಿದರು. ಮೊದಲ ವಾರವನ್ನು ತಡೆಯಲಾರದ ಲೇಖನಿ ಎರಡನೆಯ ವಾರವನ್ನು ತಡೆಯಿತೆಂದರೆ ಯಾರು ನಂಬುತ್ತಾರೆ? ನಮ್ಮ ಕಸುಬಿನವರಿಗೆ ಅಷ್ಟು ಪ್ರತಾಪವಿಲ್ಲ.

ನೋಡಿದವರು ನೆರೆಯವರಿಗೆ ಏನು ಹೇಳಿರಬಹುದು? ಚಿತ್ರದ ಆರಂಭ ಸೊಗಸಾಗಿದೆ. ಆಕಾಶದಲ್ಲಿ ಅತಿಮಾನವರ ಕಾಳಗ. ಕೆಳಗೆ ಉರುಳುವ ಕಟ್ಟಡದ ಧೂಳಿನೊಳಕ್ಕೆ ಓಡುವ ಸಾಮಾನ್ಯ ಮನುಷ್ಯನಂತೆ ಬ್ರೂಸ್ ವೇಯ್ನ್. ದೇವರ ಜಗಳದಲ್ಲಿ ನರನಿಗೆ ಏನಾಗುತ್ತದೆ ಎಂಬ ಪ್ರಶ್ನೆ ಕ್ಷಣಹೊತ್ತು ಎದೆಗೆ ತಾಗುತ್ತದೆ. ದಿಗ್ದರ್ಶಕ ಝ್ಯಾಕ್ ಸ್ನೈಡರ್ ಅವರು ಆ ಪ್ರಶ್ನೆಯನ್ನು ಎತ್ತಿ, ಉತ್ತರಿಸದೆ, ಎರಡು ಗಂಟೆ ಕತ್ತಲೆಯಲ್ಲಿ ಅಲೆಯುತ್ತಾರೆ. ಇಬ್ಬರ ಹಗೆ ಕರಗುವುದು ಇಬ್ಬರ ತಾಯಂದಿರ ಹೆಸರೂ ಮಾರ್ಥಾ ಎಂದು ತಿಳಿದಾಗ. ಈ ಕಲ್ಪನೆಯಲ್ಲಿ ಬೀಜವಿಲ್ಲದೆ ಇಲ್ಲ. ಎದುರಾಳಿಗೂ ತಾಯಿಯಿದ್ದಾಳೆ ಎಂಬ ಅರಿವು ಮಹಾಕಾವ್ಯಕ್ಕೂ ಸಲ್ಲುವ ವಸ್ತು. ಆದರೆ ಅದು ಇಲ್ಲಿ ಬೆಳೆದು ಬರದೆ ಒಮ್ಮೆಗೇ ಬಂದು ಬೀಳುವುದರಿಂದ ನಗೆಗೆ ಈಡಾಯಿತು. ನಡುವೆ ಕಥೆ ನಿಂತು, ಮುಂದೆ ಬರಲಿರುವ ವೀರರ ತುಣುಕುಗಳನ್ನು ವಂಡರ್ ವುಮನ್ ಗಣಕಯಂತ್ರದಲ್ಲಿ ನೋಡುತ್ತ ಕೂರುತ್ತಾಳೆ. ಕಾಸು ಕೊಟ್ಟು ಒಳಗೆ ಬಂದವನಿಗೆ ಮತ್ತೆ ಜಾಹೀರಾತು! ಇಷ್ಟೆಲ್ಲ ಮಾಡಿ, ಚಿತ್ರಮಂದಿರದ ಪ್ರತಿಯಿಂದ ಅರ್ಧ ಗಂಟೆಯಷ್ಟು ಕತ್ತರಿಸಿದ್ದರು. ಅದನ್ನು ಮರಳಿ ಸೇರಿಸಿ ಬೇಸಗೆಯಲ್ಲಿ ಹೊರತಂದ ಮೂರು ಗಂಟೆಯ ಆವೃತ್ತಿಯಲ್ಲಿ ಕಥೆಯ ಎಳೆಗಳು ಎಷ್ಟೋ ಮೇಲು.

ಹೋಲಿಕೆಗೆ ಅದೇ ಸಂಸ್ಥೆಯ ‘ವಂಡರ್ ವುಮನ್’ ಇದೆ. ಪ್ಯಾಟಿ ಜೆಂಕಿನ್ಸ್ ಅವರ ಈ ಚಿತ್ರ 2017ರ ಜೂನಿನಲ್ಲಿ ಅಮೆರಿಕದಲ್ಲಿ 10.3 ಕೋಟಿಯಿಂದ ಆರಂಭಿಸಿ 41 ಕೋಟಿಯವರೆಗೆ ನಡೆಯಿತು, ನಾಲ್ಕು ಪಟ್ಟು. ಜಗತ್ತಿನ ಒಟ್ಟು ಗಳಿಕೆಯಲ್ಲಿ ಅದು ‘ಬ್ಯಾಟ್‌ಮನ್ ವರ್ಸಸ್ ಸೂಪರ್‌ಮನ್’ಗಿಂತ ಹಿಂದೆಯೇ. ಆದರೂ ಅದನ್ನು ನಿರಾಶೆಯೆಂದವರಿಲ್ಲ. ಜನ ಮೆಚ್ಚಿ ಕಳಿಸಿದ ಜನರಿಂದ ಅದು ಬೆಳೆಯಿತು. ಸಾಲ ತೀರಿಸುವ ಸರದಿ ಬಂದದ್ದು ಆ ನವೆಂಬರಿನ ‘ಜಸ್ಟಿಸ್ ಲೀಗ್’ಗೆ. ಬ್ಯಾಟ್‌ಮನ್, ಸೂಪರ್‌ಮನ್, ವಂಡರ್ ವುಮನ್ ಎಲ್ಲರೂ ಇದ್ದು ಅದರ ಆರಂಭದ ಗಳಿಕೆ 9.4 ಕೋಟಿ. ಮನೆಯ ದುಃಖದಿಂದ ಸ್ನೈಡರ್ ನಡುವೆಯೇ ದೂರ ಸರಿದು ಬೇರೊಬ್ಬರು ಚಿತ್ರವನ್ನು ಮುಗಿಸಿದ್ದರೆಂಬುದನ್ನು ಮರೆಯಬಾರದು. ಆದರೆ ಮೊದಲ ದಿನವೇ ಬಾರದೆ ಉಳಿದವನು ಆ ಚಿತ್ರವನ್ನು ನೋಡಿ ತೀರ್ಪು ಕೊಟ್ಟವನಲ್ಲ. ಅವನು ಹಿಂದಿನದನ್ನು ನೆನಪಿಟ್ಟವನು.

ಈ ಅಳತೆ ತಿರುಗುಮುರುಗಾಗಿಯೂ ಕೆಲಸ ಮಾಡುತ್ತದೆ. ಬ್ರ್ಯಾಡ್ ಬರ್ಡ್ ಅವರ ‘ದಿ ಐರನ್ ಜೈಂಟ್’ ಎಂಬ ವ್ಯಂಗ್ಯಚಿತ್ರಕಥೆಯನ್ನು ಇದೇ ಸಂಸ್ಥೆ 1999ರಲ್ಲಿ ಸರಿಯಾದ ಪ್ರಚಾರವಿಲ್ಲದೆ ಹೊರಬಿಟ್ಟಿತು. ಸೂಪರ್‌ಮನ್ ಆಗಬೇಕೆಂದು ಹಂಬಲಿಸುವ ಉಕ್ಕಿನ ದೈತ್ಯನೊಬ್ಬನ ಕಥೆ. ಅಮೆರಿಕದಲ್ಲಿ ಗಳಿಸಿದ್ದು ಬರಿಯ 2.3 ಕೋಟಿ. ಸೋಲೆಂದರೆ ಅದು ಸೋಲು. ಆದರೆ ಅದರ ಮೊದಲ ವಾರಾಂತ್ಯದ ಗಳಿಕೆ 57 ಲಕ್ಷ. ಅಲ್ಲಿಂದ ನಾಲ್ಕು ಪಟ್ಟು ಬೆಳೆದಿದೆ. ಒಳಗೆ ಹೋದ ಕೆಲವರು ಹೊರಗೆ ಬಂದು ನಾಲ್ಕು ಜನರಿಗೆ ಒಳ್ಳೆಯ ಮಾತು ಹೇಳಿದ್ದರು. ಈಗ ಆ ಚಿತ್ರಕ್ಕಿರುವ ಮನ್ನಣೆಯ ಮೊಳಕೆ ಆ ಸಣ್ಣ ಲೆಕ್ಕದಲ್ಲಿಯೇ ಇತ್ತು.

2025ರ ಜುಲೈಯಲ್ಲಿ ಜೇಮ್ಸ್ ಗನ್ ಅವರ ‘ಸೂಪರ್‌ಮನ್’ ಬಂದಾಗ ಹಳೆಯ ಜಗಳ ಮತ್ತೆ ಎದ್ದಿತು. ಜಗತ್ತಿನಾದ್ಯಂತ ಸುಮಾರು 61 ಕೋಟಿ. 2013ರಲ್ಲಿ ಸ್ನೈಡರ್ ಮಾಡಿದ ‘ಮ್ಯಾನ್ ಆಫ್ ಸ್ಟೀಲ್’ 66 ಕೋಟಿ ದಾಟಿತ್ತು. ಈ ಹನ್ನೆರಡು ವರ್ಷದಲ್ಲಿ ಟಿಕೆಟ್ಟಿನ ದರ ಏರಿರುವುದನ್ನು ನೆನೆದರೆ ಅಂತರ ಇನ್ನೂ ಹೆಚ್ಚು. ಆದರೆ ಅಮೆರಿಕದಲ್ಲಿ ಅದು 12.5 ಕೋಟಿಯಿಂದ 35 ಕೋಟಿಗೆ ನಡೆದು ‘ಮ್ಯಾನ್ ಆಫ್ ಸ್ಟೀಲ್’ನ 29 ಕೋಟಿಯನ್ನು ಹಿಂದೆ ಹಾಕಿತು. ಅಲ್ಲಿನ ನೆರೆಹೊರೆಯವರು ಒಬ್ಬರಿಗೊಬ್ಬರು ಕೆಟ್ಟದ್ದು ಹೇಳಿಕೊಳ್ಳಲಿಲ್ಲ. ಕಡಿಮೆಯಾದದ್ದು ಹೊರದೇಶಗಳಲ್ಲಿ. ಅಲ್ಲಿ ಸೂಪರ್‌ಮನ್ನನಿಗೆ ಎರಡನೆಯ ವಾರದ ಪರೀಕ್ಷೆಯ ಮಾತಿರಲಿ, ಮೊದಲ ದಿನವೇ ಬಾಗಿಲಿಗೆ ಬರುವವರು ಸಾಲದಾದರು.