ಶಾಪದಿಂದ ಶುರುವಾಗುವ ವಿಶ್ವಾಸ ಪ್ರಮಾಣ

ದೆಹಲಿಯ ಕರೋಲ್ ಬಾಗ್‌ನ ಅಜ್ಮಲ್ ಖಾನ್ ರಸ್ತೆಯಲ್ಲಿ ಸೀರೆ ಕೊಳ್ಳಲು ಹೋಗುವ ಕನ್ನಡಿಗರಿಗೆ ಆ ರಸ್ತೆಗೆ ಹೆಸರಾದ ಹಕೀಮ್ ಅಜ್ಮಲ್ ಖಾನರ ಪರಿಚಯ ಇರಲಿಕ್ಕಿಲ್ಲ. ಅವರು ಕಟ್ಟಿದ ಟಿಬ್ಬಿಯಾ ಕಾಲೇಜು ಅಲ್ಲೇ ಇದೆ. 1921ರಲ್ಲಿ ಅದನ್ನು ಉದ್ಘಾಟಿಸಿದವರು ಗಾಂಧೀಜಿ. ಹಕೀಮರ ಗೆಳೆಯರಲ್ಲಿ ಒಬ್ಬರು ಸೇಂಟ್ ಸ್ಟೀಫನ್ಸ್ ಕಾಲೇಜಿನ ಅಧ್ಯಾಪಕ, ಆಂಗ್ಲಿಕನ್ ಪಾದ್ರಿ ಸಿ.ಎಫ್. ಆಂಡ್ರೂಸ್. ಈ ಪಾದ್ರಿ ತನ್ನ ಆರಾಧನಾ ಪುಸ್ತಕದ ಅಪ್ಪಣೆಯಂತೆ ಹಬ್ಬದ ದಿನಗಳಲ್ಲಿ ಒಂದು ವಿಶ್ವಾಸ ಪ್ರಮಾಣವನ್ನು ಹೇಳಬೇಕಿತ್ತು. ಅದರ ಪ್ರಕಾರ, ತ್ರಿಯೇಕ ದೇವರನ್ನು ನಂಬದ ಹಕೀಮರಿಗೆ ನಿತ್ಯನಾಶವೇ ಗತಿ.

ಬಿಷಪ್ ಅಥನಾಸಿಯುಸನ ಹೆಸರು ಹೊತ್ತ ಈ ಪ್ರಮಾಣಕ್ಕೆ ಸಿಕ್ಕಿರುವ ಗೌರವ ಅದರ ಯೋಗ್ಯತೆಗೆ ಮೀರಿದ್ದು. ಅದು ಅಥನಾಸಿಯುಸನದಲ್ಲ. ಆತ ಗ್ರೀಕ್‌ನಲ್ಲಿ ಬರೆದವನು, 373ರಲ್ಲಿ ತೀರಿಕೊಂಡವನು. ಇದು ಲ್ಯಾಟಿನ್ ಪಠ್ಯ, ಆತನ ಕಾಲದ ನಂತರ ಪಶ್ಚಿಮದಲ್ಲಿ ಹುಟ್ಟಿದ್ದು. ನಡುಭಾಗದ ಕಸುಬುಗಾರಿಕೆಯನ್ನು ಮೆಚ್ಚಲೇಬೇಕು. ತಂದೆ ನಿತ್ಯನು, ಮಗನು ನಿತ್ಯನು, ಪವಿತ್ರಾತ್ಮನು ನಿತ್ಯನು, ಆದರೂ ನಿತ್ಯರು ಮೂವರಲ್ಲ ಎಂಬ ಧಾಟಿಯಲ್ಲಿ ಅದು ಒಂದೊಂದೇ ಗುಣವನ್ನು ಎತ್ತಿಕೊಂಡು, ಮೂವರನ್ನು ಬೆರೆಸದೆ, ಒಬ್ಬನನ್ನು ಒಡೆಯದೆ ಸಾಗುತ್ತದೆ. ತೊಡಕಿರುವುದು ಬಾಗಿಲಲ್ಲಿ ಮತ್ತು ಹಿತ್ತಿಲಲ್ಲಿ.

ಮೊದಲ ಮಾತೇ ಬೆದರಿಕೆ: ರಕ್ಷಣೆ ಬೇಕಾದವನು ಈ ನಂಬಿಕೆಯನ್ನು ಕೆಡದಂತೆ ಹಿಡಿದಿರಬೇಕು, ಇಲ್ಲವಾದರೆ ಸಂಶಯವಿಲ್ಲದೆ ನಾಶವಾಗುವನು. ನಡುವೆ ಮತ್ತೊಮ್ಮೆ, ರಕ್ಷಣೆ ಬಯಸುವವನು ತ್ರಿಯೇಕತ್ವದ ಬಗ್ಗೆ ಹೀಗೆಯೇ ಯೋಚಿಸಬೇಕೆಂಬ ತಾಕೀತು. ಕೊನೆಗೆ ಕ್ರಿಸ್ತನು ನ್ಯಾಯತೀರಿಸಲು ಬರುತ್ತಾನೆ. ಆಗ ಕೇಳುವ ಪ್ರಶ್ನೆ ಯಾವುದು? ತ್ರಿಯೇಕತ್ವದ್ದಲ್ಲ. ಎಲ್ಲರೂ ತಮ್ಮ ತಮ್ಮ ಕೃತ್ಯಗಳ ಲೆಕ್ಕ ಒಪ್ಪಿಸುತ್ತಾರೆ. ಒಳ್ಳೆಯದು ಮಾಡಿದವರಿಗೆ ನಿತ್ಯಜೀವ, ಕೆಟ್ಟದ್ದು ಮಾಡಿದವರಿಗೆ ಬೆಂಕಿ. ಇಷ್ಟು ಹೇಳಿದ ಮೇಲೂ ಮುಂದಿನ ವಚನ ಮತ್ತೆ ಮೊದಲ ಬೆದರಿಕೆಗೇ ಮರಳುತ್ತದೆ. ನಂಬಿಕೆಯಿಂದಲೇ ಸತ್ಕ್ರಿಯೆ ಹುಟ್ಟುತ್ತದೆ, ಆದ್ದರಿಂದ ವಿರೋಧವಿಲ್ಲ ಎನ್ನಬಹುದು. ಪಠ್ಯ ಮಾತ್ರ ಹಾಗೆ ಹೇಳುವುದಿಲ್ಲ. ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ಸುಮ್ಮನಾಗುತ್ತದೆ. ಮತ್ತಾಯ 25ರಲ್ಲಿ ಹಸಿದವನಿಗೆ ಉಣಬಡಿಸಿದವರ ಕಡೆ ನಿಂತ ಕ್ರಿಸ್ತನು ಈ ಎರಡರಲ್ಲಿ ಯಾವುದನ್ನು ತನ್ನದೆನ್ನುವನೆಂದು ಬೇರೆ ಹೇಳಬೇಕಿಲ್ಲ. ಫಿಲಿಪ್ಪಿಯ ಸೆರೆಮನೆಯ ಯಜಮಾನ ರಕ್ಷಣೆಗೆ ಏನು ಮಾಡಲಿ ಎಂದು ಕೇಳಿದಾಗ ಪೌಲನೂ ಕರ್ತನಾದ ಯೇಸುವನ್ನು ನಂಬು ಎಂದನೇ ಹೊರತು ಮೂವರ ಸಂಬಂಧವನ್ನು ಒಪ್ಪಿಸಿಕೊಳ್ಳಲಿಲ್ಲ.

ಬೇಕೆಂದೇ ಸತ್ಯವನ್ನು ತೊರೆದವರಿಗೆ ಮಾತ್ರ ಈ ಬೆದರಿಕೆ ಎಂದು ಹತ್ತೊಂಬತ್ತನೇ ಶತಮಾನದ ಆಂಗ್ಲಿಕನ್ ಪಂಡಿತರು ಸಮಾಧಾನ ಹೇಳಿದರು. ಆ ವಿನಾಯಿತಿ ಪಠ್ಯದಲ್ಲಿಲ್ಲ. ಇಡೀ ಸಭೆ ಗಟ್ಟಿಯಾಗಿ ಒಂದು ಹೇಳಿ ಮನಸ್ಸಿನಲ್ಲಿ ಇನ್ನೊಂದು ಸೇರಿಸಿಕೊಳ್ಳಬೇಕಾದರೆ ಅದನ್ನು ಆರಾಧನೆ ಎನ್ನುವುದು ಹೇಗೆ?

ನಮ್ಮವರ ಮೇಲೂ ನನಗೆ ತಕರಾರಿದೆ. ಆಂಡ್ರೂಸರನ್ನು ‘ದೀನಬಂಧು’ ಎಂದು ಹೊಗಳುವ ಬರಹಗಳು 1914ರಲ್ಲಿ ಅವರು ಪಾದ್ರಿಯ ಕೆಲಸ ಬಿಟ್ಟದ್ದನ್ನು ಟ್ಯಾಗೋರ್ ಮತ್ತು ಗಾಂಧಿಯ ಸೆಳೆತಕ್ಕೆ ಕಟ್ಟಿಬಿಡುತ್ತವೆ. ಆ ಸೆಳೆತ ಸುಳ್ಳಲ್ಲ. ಆದರೆ ಈ ಶಾಪವಾಕ್ಯಗಳನ್ನು ಹೇಳಲಾರದೆ ಹೋದದ್ದು ಅಷ್ಟೇ ದೊಡ್ಡ ಕಾರಣ. ಅದನ್ನು ಬಿಟ್ಟರೆ ಅವರು ಧರ್ಮ ಸಾಕಾಗಿ ಸಮಾಜಸೇವೆಗೆ ಇಳಿದವರಂತೆ ಕಾಣುತ್ತಾರೆ. ನಿಜ ಬೇರೆ: ಆಡುವ ಮಾತಿಗೆ ಬೆಲೆ ಕೊಟ್ಟವರಾದ್ದರಿಂದಲೇ ಪೀಠದಿಂದ ಇಳಿದರು. 1929ರಲ್ಲಿ ದೆಹಲಿಯ ಮುಸ್ಲಿಂ ವಿದ್ವಾಂಸ ಜಕಾವುಲ್ಲಾ ಅವರ ಜೀವನಚರಿತ್ರೆಯನ್ನು ಪ್ರೀತಿಯಿಂದ ಬರೆದವರೇ 1932ರಲ್ಲಿ ತಮ್ಮ ಮೇಲಿದ್ದ ಕ್ರಿಸ್ತನ ಋಣವನ್ನೂ ಪುಸ್ತಕವಾಗಿಸಿದರು.

1961ರಲ್ಲಿ ನವದೆಹಲಿಯಲ್ಲಿ ಸೇರಿದ ಜಾಗತಿಕ ಸಭೆಗಳ ಒಕ್ಕೂಟ ತನ್ನ ತಳಹದಿಗೆ ತಂದೆ, ಮಗ, ಪವಿತ್ರಾತ್ಮರ ಹೆಸರು ಸೇರಿಸಿತಲ್ಲ ಎಂದು ಕೇಳುವವರಿದ್ದಾರೆ. ಸೇರಿಸಿತು, ಸರಿಯಾಗಿಯೇ ಸೇರಿಸಿತು. ಆದರೆ ಒಕ್ಕೂಟ ಹೇಳಿದ್ದು ತನ್ನೊಳಗೆ ಯಾರು ಸೇರಬಹುದೆಂದು. ದೇವರು ಯಾರನ್ನು ಕೈಬಿಡುತ್ತಾನೆಂದಲ್ಲ. ತ್ರಿಯೇಕತ್ವ ಸಭೆ ಬಾಯ್ತುಂಬ ಹಾಡಬೇಕಾದ ಸ್ತುತಿ. ಅದನ್ನು ರಕ್ಷಣೆಯ ಷರತ್ತಾಗಿಸಿದ್ದು ಈ ಪ್ರಮಾಣದ ತಪ್ಪು.

1947ರಲ್ಲಿ ಕೂಡಿಕೊಂಡ ದಕ್ಷಿಣ ಭಾರತ ಸಭೆಯಾಗಲಿ, 1970ರ ಉತ್ತರ ಭಾರತ ಸಭೆಯಾಗಲಿ ಅಪೊಸ್ತಲರ ಮತ್ತು ನೈಸೀಯ ವಿಶ್ವಾಸ ಪ್ರಮಾಣಗಳನ್ನು ಆಧಾರವಾಗಿ ಇಟ್ಟುಕೊಂಡವು. ಎರಡರಲ್ಲೂ ತ್ರಿಯೇಕ ದೇವರಿದ್ದಾನೆ, ಶಾಪವಿಲ್ಲ.